ಹುಣ್ಣಿಮೆ ಭರತದ ಲೆಕ್ಕ

ನನ್ನ ಅಕ್ಕನ ಗಂಡ, ಅಂದರೆ ನನ್ನ ಭಾವ, ಹುಟ್ಟು ಹಾಕದೆ ದೋಣಿಯಲ್ಲಿ ಮೊದಲ ಸಲ ಸುಮ್ಮನೆ ಕೂತದ್ದು ತಮ್ಮ ಮದುವೆಯ ದಿನ. ಅವರ ಮನೆ ಇದ್ದದ್ದು ಹೊಳೆ ಸಮುದ್ರ ಸೇರುವಲ್ಲಿನ ಒಂದು ಕುದ್ರುವಿನಲ್ಲಿ. ಸುತ್ತ ನೀರು, ನಡುವೆ ತೆಂಗು, ತೆಂಗಿನ ನಡುವೆ ಹತ್ತಾರು ಮನೆ. ಆಚೆ ದಡದಿಂದ ಒಂದು ಬೆಂಕಿಪೆಟ್ಟಿಗೆ ತರಬೇಕಾದರೂ ದೋಣಿ ಬೇಕು. ಭಾವನಷ್ಟು ನೇರವಾಗಿ ದೋಣಿ ಬಿಡುವವರು ಆ ಕುದ್ರುವಿನಲ್ಲಿ ಇನ್ನೊಬ್ಬರಿಲ್ಲ ಎಂಬುದು ಸರ್ವಸಮ್ಮತವಾದ ಸಂಗತಿಯಾಗಿತ್ತು. ಆ ಸರ್ವರಲ್ಲಿ ಮೊದಲಿಗರು ಭಾವನೇ.

ಆದರೆ ದಿಬ್ಬಣದ ದೋಣಿಯಲ್ಲಿ ಮದುಮಗ ಹುಟ್ಟು ಮುಟ್ಟಬಾರದು. ಅದು ಅಲ್ಲಿಯ ಕ್ರಮ. ಹೀಗಾಗಿ ಮದುಮಗಳನ್ನು ಮನೆಗೆ ಕರೆತರುವ ದಿನ ಹುಟ್ಟು ಹಾಕಿದವನು ಅವರ ಚಿಕ್ಕಪ್ಪನ ಮಗ. ದೋಣಿ ಕುಡಿದವರ ನಡಿಗೆಯಲ್ಲಿ ಹೋಯಿತು. ಅಕ್ಕನ ಧಾರೆ ಸೀರೆಯ ಅಂಚು ಒದ್ದೆಯಾಯಿತು. ಭಾವ ಪೇಟ ಸುತ್ತಿಕೊಂಡು, ಕೈಕಟ್ಟಿ, ಹಲ್ಲು ಕಚ್ಚಿ ಕೂತಿದ್ದರು. ಫೋಟೋದಲ್ಲಿ ಅವರ ಮುಖ ನೋಡಿದವರು ಹುಡುಗನಿಗೆ ಮದುವೆ ಇಷ್ಟವಿರಲಿಲ್ಲವೇನೋ ಅಂದುಕೊಳ್ಳಬೇಕು. ಇಷ್ಟವಿಲ್ಲದ್ದು ಮದುವೆಯಲ್ಲ, ಚಿಕ್ಕಪ್ಪನ ಮಗನ ಹುಟ್ಟು. "ಅವಳನ್ನು ಒಮ್ಮೆ ನಾನೇ ಕೂರಿಸಿಕೊಂಡು ದೋಣಿ ಬಿಡ್ತೇನೆ" ಎಂದು ಆ ದಿನವೇ ಮನಸ್ಸಿನಲ್ಲಿ ಸಂಕಲ್ಪ ಮಾಡಿಕೊಂಡರಂತೆ.

ಸಂಕಲ್ಪ ಮಾಡಿದ ಮೂರನೆಯ ವಾರ ಅವರು ಬಹರೇನಿನ ವಿಮಾನ ಹತ್ತಿದರು. ಆಮೇಲೆ ಅವರಿಗೆ ರಜೆ ಸಿಗುತ್ತಿದ್ದದ್ದೆಲ್ಲ ಮಳೆಗಾಲದಲ್ಲಿ. ಆಗ ಹೊಳೆ ಕೆಂಪಾಗಿ ಉಕ್ಕುತ್ತಿರುತ್ತದೆ, ಮನೆಮನೆಯ ಸಣ್ಣ ದೋಣಿಗಳನ್ನು ಅಂಗಳದಲ್ಲಿ ಕವುಚಿ ಹಾಕಿರುತ್ತಾರೆ, ಜನರನ್ನು ದಾಟಿಸುವ ಕಡವಿನವನ ದೊಡ್ಡ ದೋಣಿಯೊಂದೇ ಗತಿ. ಅದರ ಹುಟ್ಟು ಕಡವಿನವನ ಪಿತ್ರಾರ್ಜಿತ ಆಸ್ತಿ, ದೇವರೇ ಬಂದು ಕೇಳಿದರೂ ಕೊಡುವವನಲ್ಲ. ಹೀಗೆ ವರ್ಷಗಳು ಹೋದವು. ಇಬ್ಬರು ಮಕ್ಕಳಾದರು. ಸಂಕಲ್ಪ ಹಾಗೆಯೇ ಉಳಿಯಿತು.

ಭಾವ ಬಹರೇನಿನ ಸಿತ್ರಾ ದ್ವೀಪದ ಒಂದು ಕಾರ್ಖಾನೆಯಲ್ಲಿ ಪೈಪ್ ಫಿಟ್ಟರ್. ಇರುವುದು ಕಂಪೆನಿಯ ಕ್ಯಾಂಪಿನಲ್ಲಿ, ಕೋಣೆಯೊಂದಕ್ಕೆ ಆರು ಮಂದಿ. ನಾನು ಎಂಬತ್ತರ ದಶಕದ ಮೊದಲಲ್ಲಿ, ಅವರು ಹೋಗಿ ಕೆಲವು ವರ್ಷಗಳ ಮೇಲೆ ಬಂದು, ಮನಾಮಾದಲ್ಲಿ ಏರ್‌ಕಂಡೀಷನರ್ ಮಾರುವ ಕಚೇರಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೆ. ಮಾಹೂಝ್‌ನಲ್ಲಿ ಎರಡು ಕೋಣೆಯ ಫ್ಲ್ಯಾಟು, ಶುಕ್ರವಾರಗಳಂದು ಕಚೇರಿಯ ಪಿಕಪ್ಪು. ಇವೆರಡು ನನ್ನ ಐಶ್ವರ್ಯ.

ದೋಣಿ ಬಂದದ್ದು ಭಾವನ ಕಾರ್ಖಾನೆಯ ಒಬ್ಬ ಇಂಗ್ಲಿಷ್ ಇಂಜಿನಿಯರನಿಂದ. ಅವನು ಮತ್ತು ಅವನ ಹೆಂಡತಿ ರಜೆಯ ದಿನ ಇಬ್ಬರೇ ಕೂರುವ ಒಂದು ಹಳದಿ ಫೈಬರ್ ದೋಣಿಯಲ್ಲಿ ತೀರದುದ್ದಕ್ಕೂ ತೇಲಿಕೊಂಡು ಹೋಗುತ್ತಿದ್ದರು. ಅದಕ್ಕೆ ಕಯಾಕ್ ಎಂದು ಹೆಸರು. ಮೀನು ಹಿಡಿಯುವುದಕ್ಕಲ್ಲ, ಆಚೆ ದಡದಲ್ಲಿ ಕೆಲಸವಿದೆ ಎಂದಲ್ಲ, ಸುಮ್ಮನೆ. ಈ ಸುಮ್ಮನೆ ಎಂಬುದು ನಮ್ಮ ಭಾವನನ್ನು ಬಹಳ ಕಾಡಿತು. ಒಮ್ಮೆ ಅದರ ತಳ ಬಂಡೆಗೆ ತಾಗಿ ಒಡೆದಾಗ ಭಾವನೇ ತೇಪೆ ಹಾಕಿಕೊಟ್ಟಿದ್ದರು. ಕರಾರು ಮುಗಿದು ಊರಿಗೆ ಹೊರಟ ಇಂಜಿನಿಯರ್ ದೋಣಿಯನ್ನೂ, ಎರಡು ಹುಟ್ಟು, ಎರಡು ಕಿತ್ತಳೆ ಬಣ್ಣದ ಜಾಕೆಟ್ಟುಗಳನ್ನೂ ಇವರಿಗೇ ಬಿಟ್ಟು ಹೋದ. ಕ್ಯಾಂಪಿನಲ್ಲಿ ಮನುಷ್ಯರಿಗೇ ಜಾಗವಿಲ್ಲ. ದೋಣಿ ನಮ್ಮ ಕಟ್ಟಡದ ತಾರಸಿ ಏರಿತು. ಕಟ್ಟಡ ಕಾಯುವ ನಾತೂರ್, ಪೇಶಾವರದ ಕಡೆಯ ಮುದುಕ, ಅದನ್ನು ಸುತ್ತಿ ಬಂದು ನನ್ನನ್ನು ಕೇಳಿದ: "ಬಾಬೂಜಿ, ಇಲ್ಲಿಯವರೆಗೆ ನೀರು ಬರುತ್ತದೆ ಅಂತ ರೇಡಿಯೋದಲ್ಲಿ ಹೇಳಿದರಾ?"

ತಾರಸಿಯಲ್ಲಿ ದೋಣಿ ತಿಂಗಳುಗಟ್ಟಲೆ ಕೂತಿತು. ನೆರೆಯವರು ಅದರ ಮೇಲೆ ಬೆಡ್‌ಶೀಟು ಒಣಗಿಸಿದರು. ಭಾವ ಶುಕ್ರವಾರ ಬಂದು ಬೆಡ್‌ಶೀಟು ತೆಗೆದು, ದೋಣಿ ಒರೆಸಿ, ಮತ್ತೆ ಬೆಡ್‌ಶೀಟು ಹಾಕಿ ಹೋಗುತ್ತಿದ್ದರು. ಎರಡು ತುದಿಗೂ ಅಲಗಿರುವ ಆ ಹುಟ್ಟು ಕಂಡರೆ ಮಾತ್ರ ಅವರಿಗೆ ತಾತ್ಸಾರ.

"ಇದೆಂತ ಹುಟ್ಟು ಮಾರಾಯ? ಎರಡು ತಲೆಯ ಸಟ್ಟುಗ."

"ಭಾವ, ಒಮ್ಮೆ ನೀರಿಗೆ ಹಾಕಿ ನೋಡುವುದಲ್ವಾ? ತೂತು ಗೀತು ಇದ್ದರೆ?"

"ತೂತು ಮುಚ್ಚಿದ್ದು ಯಾರು? ನಾನೇ ಅಲ್ವಾ? ಅವಳು ಬರ್ಲಿ. ಹೊಸ ದೋಣಿ ಮೊದಲ ಸಲ ನೀರಿಗಿಳಿಯುವಾಗ ಮನೆಯ ಹೆಂಗಸು ಕುಂಕುಮ ಇಡ್ಬೇಕು. ಅವಳಿಲ್ಲದೆ ಇಳಿಸುವ ಹಾಗಿಲ್ಲ."

ದೋಣಿ ಹೊಸತಲ್ಲ, ಇಂಗ್ಲಿಷ್ ದಂಪತಿ ಅದನ್ನು ನಾಲ್ಕು ವರ್ಷ ಸವೆಸಿದ್ದಾರೆ ಎಂದು ನಾನು ಹೇಳಲಿಲ್ಲ. ಕುಂಕುಮವಿಲ್ಲದೆ ಸವೆಸಿದ್ದು ಲೆಕ್ಕಕ್ಕೆ ಬರುತ್ತಿರಲಿಲ್ಲ.

ಕೊನೆಗೂ ಅಕ್ಕ ಬಂದಳು, ಒಂದು ತಿಂಗಳ ವಿಸಿಟ್ ವೀಸಾದಲ್ಲಿ. ಮಕ್ಕಳು ಅಜ್ಜಿಯ ಹತ್ತಿರ. ನನ್ನ ಹೆಂಡತಿ ಹೆರಿಗೆಗೆ ಊರಿಗೆ ಹೋಗಿದ್ದಳಾದ್ದರಿಂದ ಫ್ಲ್ಯಾಟು ಖಾಲಿಯಿತ್ತು. ಭಾವ ಪಾಳಿ ಮುಗಿದಾಗಲೆಲ್ಲ ಕಂಪೆನಿ ಬಸ್ಸು, ಅವರಿವರ ಕಾರು, ಬಾಡಿಗೆ ಟ್ಯಾಕ್ಸಿ ಎಂದು ಬಂದು ಹೋಗಿ ಮಾಡುತ್ತಿದ್ದರು. ಗಂಡಹೆಂಡತಿ ಇಬ್ಬರೂ ಬೀಗರ ಮನೆಗೆ ಬಂದವರ ಹಾಗೆ ನನ್ನ ಮುಂದೆ ಒಬ್ಬರನ್ನೊಬ್ಬರು ಗೌರವದಿಂದ ನೋಡಿಕೊಂಡು ಚಹಾ ಕುಡಿಯುತ್ತಿದ್ದರು. ಮದುವೆಯಾಗಿ ಎಂಟು ವರ್ಷವಾದರೂ ಕೂಡಿ ಕಳೆದ ದಿನ ಕಡಿಮೆ ನೋಡಿ, ಅಭ್ಯಾಸ ಸಾಲದು.

ಮೊದಲ ಶುಕ್ರವಾರ ಬಡಗಿನಿಂದ ದೂಳಿನ ಗಾಳಿ. ಎರಡನೆಯದಕ್ಕೆ ಭಾವನಿಗೆ ಓವರ್‌ಟೈಮು. ಮೂರನೆಯದು ಅಷ್ಟಮಿ. ಅಷ್ಟಮಿಗೆ ನೀರು ಸತ್ತಿರುತ್ತದೆ, ಸರಿಯಾಗಿ ಏರುವುದಿಲ್ಲ, ಹೊಸ ದೋಣಿ ಇಳಿಸುವ ದಿನವಲ್ಲ ಎಂದರು. ಉಳಿದದ್ದು ನಾಲ್ಕನೆಯ ಶುಕ್ರವಾರ, ಹುಣ್ಣಿಮೆ. ಮರುದಿನ ಅಕ್ಕನ ವಿಮಾನ.

"ಹುಣ್ಣಿಮೆ ಅಂದ್ರೆ ಮಧ್ಯಾಹ್ನಕ್ಕೆ ತುಂಬು ಭರತ" ಎಂದರು ಭಾವ, ದೇವರ ಫೋಟೋದ ಕಡೆ ಕೈ ತೋರಿಸುವ ಗಾಂಭೀರ್ಯದಲ್ಲಿ. "ಒಂಬತ್ತು ಗಂಟೆಗೆ ಇಳಿದ್ರೆ ನೀರು ಏರ್ತಾ ಇರ್ತದೆ. ಹನ್ನೆರಡಕ್ಕೆ ಬೇಕಾದಷ್ಟು ನೀರು. ತೀರ ಹಿಡಿದು ಖರ್ಜೂರದ ತೋಟಗಳ ಬದಿಯಲ್ಲೇ ಹೋಗಿ, ಕಾಂಡ್ಲಾ ಗಿಡಗಳನ್ನು ನೋಡಿ, ತೂಬ್ಲಿ ಕೊಲ್ಲಿಯ ನಡುವಿನ ದ್ವೀಪಕ್ಕೆ ಒಂದು ಸುತ್ತು ಹಾಕಿ ವಾಪಸು. ನನಗೆ ನಾಲ್ಕು ಗಂಟೆಯ ಪಾಳಿಗೆ ಬಸ್ಸು ಉಂಟು. ಸರಿಯಾಗ್ತದೆ."

"ಇಲ್ಲಿಯ ಇಂಗ್ಲಿಷ್ ಪೇಪರಿನಲ್ಲಿ ಭರತ ಇಳಿತದ ಹೊತ್ತು ಹಾಕ್ತಾರಂತೆ ಭಾವ. ನೋಡಿ ಹೇಳ್ಲಾ?"

ಭಾವ ನನ್ನನ್ನು ಮರುಕದಿಂದ ನೋಡಿದರು. "ಚಂದ್ರ ಒಬ್ಬನೇ ಅಲ್ವಾ ಮಾರಾಯ? ಊರಿಗೊಬ್ಬ, ಬಹರೇನಿಗೊಬ್ಬ ಉಂಟಾ?"

ನಾನು ಓದಿದ್ದು ಲೆಕ್ಕಪತ್ರ. ಬಿ.ಕಾಂ. ಪಠ್ಯದಲ್ಲಿ ಚಂದ್ರ ಬರುವುದಿಲ್ಲ.

ಆ ದಿನ ಬೆಳಿಗ್ಗೆ ದೋಣಿಯನ್ನು ಮೆಟ್ಟಿಲಲ್ಲಿ ಇಳಿಸಿ, ಪಿಕಪ್ಪಿಗೆ ಹಗ್ಗದಿಂದ ಬಿಗಿದು, ಹಿಂದೆ ಚಾಚಿದ ತುದಿಗೆ ಕೆಂಪು ಬಟ್ಟೆ ಕಟ್ಟಿ ಹೊರಟೆವು. ಮಾಹೂಝ್‌ನಿಂದ ತೆಂಕಿಗೆ ಸ್ವಲ್ಪ ಹೋದರೆ ತೂಬ್ಲಿ ಕೊಲ್ಲಿ. ಆಗ ಅಲ್ಲಿ ಖರ್ಜೂರದ ತೋಟಗಳು ನೀರಿನ ಅಂಚಿನವರೆಗೂ ಬರುತ್ತಿದ್ದವು. ಮರಗಳ ಬುಡದ ಕಾಲುವೆಯಿಂದ ಸಿಹಿನೀರು ಜಿನುಗಿ ಸಮುದ್ರಕ್ಕೆ ಸೇರುತ್ತಿತ್ತು. ಪಡುವಣ ಮೂಲೆಯಲ್ಲಿ ಉಪ್ಪುನೀರಿನಲ್ಲೇ ಬೇರುಬಿಟ್ಟ ಕಾಂಡ್ಲಾ ಪೊದೆಗಳ ಕಡುಹಸಿರು, ಅದರ ಮುಂದೆ ಗುಲಾಬಿ ಬಣ್ಣದ ಉದ್ದ ಕಾಲಿನ ಹಕ್ಕಿಗಳ ಸಾಲು. ಮೂಡಣಕ್ಕೆ ದ್ವೀಪದ ಖರ್ಜೂರದ ಮರಗಳು, ಅದನ್ನು ದಾಟಿ ಸಿತ್ರಾಕ್ಕೆ ಹೋಗುವ ಕಾಸ್‌ವೇ, ಅಂದರೆ ನೀರಿನ ನಡುವೆ ಕಲ್ಲು ತುಂಬಿ ಎತ್ತಿದ ರಸ್ತೆ, ಅದರಾಚೆ ಹಗಲಲ್ಲೂ ಉರಿಯುವ ರಿಫೈನರಿಯ ಜ್ವಾಲೆ. ನೀರು ಗಾಜಿನಂತೆ ಮಲಗಿತ್ತು. ಅಕ್ಕ ನೀರಿನ ಅಂಚಿನವರೆಗೆ ನಡೆದು ಹೋದಳು. ಆಮೇಲೆ, "ಇಷ್ಟು ಚಂದ ಉಂಟು ಅಂತ ನೀವು ಕಾಗದದಲ್ಲಿ ಒಮ್ಮೆಯೂ ಬರೆಯಲಿಲ್ಲ" ಎಂದಳು.

"ಬರೆದ್ರೆ ನೀನು ಅಲ್ಲಿಂದ ಹೊರಟು ಬಂದ್ರೆ?" ಎಂದರು ಭಾವ.

ಕೋಲ್ಡ್ ಸ್ಟೋರ್ ಎಂಬ ಬೀದಿಯಂಗಡಿಯಿಂದ ತಂದ ಸಿಲೋನಿನ ತೆಂಗಿನಕಾಯಿ ಒಡೆದು, ಹಳದಿ ಮೂತಿಗೆ ಕುಂಕುಮ ಇಟ್ಟು, ಊದುಬತ್ತಿ ಹಚ್ಚಿ, ಊರಿನ ದೈವಗಳನ್ನೆಲ್ಲ ಒಬ್ಬೊಬ್ಬರಾಗಿ ನೆನೆದು ಮುಗಿಯುವಾಗ ಒಂಬತ್ತು ಹೋಗಿ ಹತ್ತಾಗಿತ್ತು. ಸೀರೆಯ ಮೇಲೆ ಕಿತ್ತಳೆ ಜಾಕೆಟ್ಟು ಬಿಗಿದಾಗ ಅಕ್ಕ ಕಾರ್ಗೋದಲ್ಲಿ ಕಳಿಸುವ ಸಾಮಾನಿನಂತೆ ಕಂಡಳು.

"ದಡದ ಕಲ್ಲುಗಳೆಲ್ಲ ಒದ್ದೆ ಉಂಟಲ್ಲ" ಎಂದಳು. "ನೀರು ಇಳಿದ ಹಾಗೆ ಕಾಣ್ತದೆ."

"ಅದು ಇಬ್ಬನಿ. ಸುಮ್ಮನೆ ಕೂತ್ಕೋ. ಹುಣ್ಣಿಮೆ ಇವತ್ತು."

"ನೀವು ಹಿಂದೆ ಕೂತ್ರೆ ನನಗೆ ನಿಮ್ಮ ಮುಖ ಕಾಣುವುದಿಲ್ಲ."

"ಮುಖ ಎಂತಕ್ಕೆ? ನೀರು ನೋಡು."

ಭಾವ ಎರಡು ತಲೆಯ ಸಟ್ಟುಗ ಎತ್ತಿದರು. ಹತ್ತು ಹದಿನೈದು ಸಲ ಅದನ್ನು ಆಚೆ ಈಚೆ ಹಾಕುವಷ್ಟರಲ್ಲಿ ಅವರಿಗೆ ಅದರ ಗುಟ್ಟು ಹಿಡಿಯಿತು. ದೋಣಿ ದಾರ ಎಳೆದ ಹಾಗೆ ನೇರವಾಗಿ ಹೊರಟಿತು. ದಡದಲ್ಲಿ ನಿಂತ ನನಗೆ ನಗು ಬಂತು. ಚಿಕ್ಕಪ್ಪನ ಮಗ ಇದನ್ನು ನೋಡಬೇಕಿತ್ತು ಎಂದುಕೊಂಡೆ. ಅಷ್ಟರಲ್ಲಿ ದೋಣಿ ನಿಂತಿತು.

ನಿಂತದ್ದು ನೋಟ ನೋಡಲಿಕ್ಕೆಂದು ನಾನು ಭಾವಿಸಿದೆ. ಭಾವ ಹುಟ್ಟಿನಿಂದ ನೆಲ ಒತ್ತುವುದು ಕಂಡಿತು. ಒತ್ತಿದರು, ಮತ್ತೆ ಒತ್ತಿದರು, ಎದ್ದು ನಿಂತರು. ಹಾಗೆ ನೋಡುತ್ತಿದ್ದಂತೆಯೇ ದೋಣಿಯ ಸುತ್ತಲ ನೀರು ಹೊಳಪು ಕಳೆದುಕೊಂಡು ಕೆಸರಾಯಿತು. ಇಡೀ ಕೊಲ್ಲಿ ಯಾರೋ ತಳದ ಬಿರಡೆ ಕಿತ್ತ ಹಾಗೆ ಖಾಲಿಯಾಗುತ್ತಿತ್ತು. ನಮ್ಮೂರ ಕಡೆ ಇಳಿತವೆಂದರೆ ನೀರು ನಾಲ್ಕು ಮೆಟ್ಟಿಲು ಕೆಳಗೆ ಹೋಗುವುದು. ಇಲ್ಲಿ ಸಮುದ್ರ ಊರು ಬಿಟ್ಟೇ ಹೋಗುತ್ತದೆ ಎಂಬುದು ನಮಗೆ ಅಂದು ತಿಳಿಯಿತು.

ಪ್ಯಾಂಟು ಮಡಿಚಿ, ಪಿಕಪ್ಪಿನ ಹಗ್ಗ ಹೆಗಲಿಗೆ ಹಾಕಿಕೊಂಡು, ಮೊಣಕಾಲು ಹೂಳುವ ಕೆಸರಿನಲ್ಲಿ ನಾನು ಅವರಿದ್ದಲ್ಲಿಗೆ ಹೋಗುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ದೋಣಿಯೊಳಗೆ ಅಕ್ಕ ಬುತ್ತಿ ಬಿಚ್ಚಿದ್ದಳು. ಮೊಸರನ್ನ, ಸಿಗಡಿ ಚಟ್ನಿ. ಭಾವ ದೋಣಿಯ ಹೊರಗೆ ನಿಂತು ಆಕಾಶ ನೋಡುತ್ತಿದ್ದರು. ಹಗಲಾದ್ದರಿಂದ ಚಂದ್ರ ಕೈಗೆ ಸಿಗಲಿಲ್ಲ, ಸಿಕ್ಕಿದ್ದರೆ ಅವನಿಗೆ ಎರಡು ಮಾತು ಕಾದಿದ್ದವು.

"ಬಾ ತಮ್ಮ, ನೀನೂ ಉಣ್ಣು" ಎಂದಳು ಅಕ್ಕ. "ಕುದ್ರುವಿನಲ್ಲಿ ಕೂತ ಹಾಗೆಯೇ ಉಂಟು. ನೀರೊಂದು ಇಲ್ಲ."

"ತಮಾಷೆ ಸಾಕು" ಎಂದರು ಭಾವ. ಅವರ ದನಿ ಕೇಳಿ ಅಕ್ಕ ಬುತ್ತಿ ಮುಚ್ಚಿದಳು.

ಆಗ ಒಬ್ಬ ಮುದುಕ ಕತ್ತೆ ಹೊಡೆದುಕೊಂಡು ಬಂದ. ಸಮುದ್ರದ ನಟ್ಟನಡುವೆ ದೋಣಿಯಲ್ಲಿ ಕೂತವರ ಪಕ್ಕದಲ್ಲಿ ಬಿಳಿ ಕತ್ತೆಯೊಂದು ನಡೆದು ಹೋಗುವುದನ್ನು ನೋಡುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ. ಅಲ್ಲಿಯ ಬೆಸ್ತರು ಕೊಲ್ಲಿಯಲ್ಲಿ ಕೋಲು ನೆಟ್ಟು ಬೇಲಿ ಕಟ್ಟಿರುತ್ತಾರೆ. ನೀರು ಇಳಿದಾಗ ಅದರೊಳಗೆ ಸಿಕ್ಕಿಬಿದ್ದ ಮೀನನ್ನು ನಡೆದುಕೊಂಡೇ ಹೋಗಿ ಬುಟ್ಟಿ ತುಂಬುತ್ತಾರೆ. ಮುದುಕ ಸಲಾಂ ಹೇಳಿ, ದೋಣಿ ನೋಡಿದ, ಕುಂಕುಮ ನೋಡಿದ, ಅಕ್ಕನ ಜಾಕೆಟ್ಟು ನೋಡಿದ. ಸಜ್ಜನ, ನಗಲಿಲ್ಲ.

"ಮಾಯ್ ಮಾಫಿ, ಸದೀಖ್" ಎಂದ. ನೀರಿಲ್ಲ ಗೆಳೆಯ, ಎಂದು. ಅಷ್ಟು ನಮಗೂ ಗೊತ್ತಿತ್ತು. ಆಮೇಲೆ ಪಡುವಣದಲ್ಲಿ ಸೂರ್ಯ ಇಳಿಯುವ ಜಾಗಕ್ಕೆ ಕೈ ತೋರಿಸಿ, "ಬಾದ್ ಅಸರ್ ಮಾಯ್ ಈಜಿ. ಸಬರ್, ಸಬರ್" ಎಂದ. ಅಸರ್ ನಮಾಜಿನ ನಂತರ ನೀರು ಬರುತ್ತದೆ, ತಾಳ್ಮೆಯಿಂದಿರಿ.

ಅಸರ್ ಎಂದರೆ ಮೂರೂ ಕಾಲರ ಹೊತ್ತು. ಭಾವನ ಬಸ್ಸು ನಾಲ್ಕಕ್ಕೆ ಮೊದಲೇ ಸಿತ್ರಾದ ಕ್ಯಾಂಪಿನ ಗೇಟಿನಿಂದ ಹೊರಡುತ್ತದೆ. ಆ ಬಸ್ಸು ತಪ್ಪಿದರೆ ಕಾರ್ಖಾನೆಯೊಳಗೆ ಹೊರಗಿನ ಗಾಡಿ ಬಿಡುವುದಿಲ್ಲ. ಇವರು ಹೋಗದಿದ್ದರೆ ಹಗಲು ಪಾಳಿಯವನು ಮನೆಗೆ ಹೋಗುವಂತಿಲ್ಲ, ಇನ್ನೂ ಒಂದು ಪಾಳಿ ಅವನೇ ಎಳೆಯಬೇಕು. ಭಾವ ಅಷ್ಟು ವರ್ಷಗಳಲ್ಲಿ ಯಾರಿಗೂ ಹಾಗೆ ಮಾಡಿದವರಲ್ಲ.

"ಎಳೆಯುವ" ಎಂದರು.

ಎಳೆದೆವು. ಮುದುಕನೂ ಒಂದು ಕೈ ಕೊಟ್ಟ. ಅಕ್ಕ ಸೀರೆ ಎತ್ತಿಕಟ್ಟಿ, ಹುಟ್ಟನ್ನು ಊರುಗೋಲು ಮಾಡಿಕೊಂಡು ಹಿಂದೆ ನಡೆದು ಬಂದಳು. ಕೆಸರು ಅವಳ ಒಂದು ಚಪ್ಪಲಿ ನುಂಗಿತು, ಆಮೇಲೆ ಇನ್ನೊಂದನ್ನೂ ನುಂಗಿತು. ಎಳೆದೆಳೆದು ಹಗ್ಗ ಎರಡು ಕಡೆ ಹರಿಯಿತು. ದೋಣಿಯನ್ನು ಪಿಕಪ್ಪಿಗೆ ಏರಿಸಿ ಉಸಿರು ಬಿಡುವಾಗ ಹಳ್ಳಿಯ ಮಸೀದಿಯಿಂದ ಅಸರ್ ಬಾಂಗ್ ಕೇಳಿತು.

ತಿರುಗಿ ನೋಡಿದರೆ ನೀರು ಬರುತ್ತಿತ್ತು. ಮೊದಲು ಕೆಸರಿನ ಸಣ್ಣ ಸಣ್ಣ ಕಾಲುವೆಗಳಲ್ಲಿ ಒಂದೊಂದು ಬೆಳ್ಳಿಯ ಎಳೆ. ಆಮೇಲೆ ಬೇಲಿಗಳ ಬುಡ. ಆಮೇಲೆ ನಾವು ಎಳೆದ ಗುರುತು, ನಮ್ಮ ಹೆಜ್ಜೆ, ಅಕ್ಕನ ಚಪ್ಪಲಿ ಹೋದ ಜಾಗ. ಸದ್ದಿಲ್ಲ, ಅಲೆಯಿಲ್ಲ, ಯಾವ ಸಂಕೋಚವೂ ಇಲ್ಲ.

ಭಾವ ಕೈಗಡಿಯಾರ ನೋಡಿದರು. ನೀರು ನೋಡಿದರು. ಮತ್ತೆ ಕೈಗಡಿಯಾರ. "ಒಂದು ಗಂಟೆ ಇದ್ದಿದ್ರೆ..." ಎಂದರು.

"ಬೇಡ. ಬಸ್ಸು ತಪ್ಪುತ್ತದೆ" ಎಂದಳು ಅಕ್ಕ. "ಮುಂದಿನ ಸಲ ಬಂದಾಗ ಆಯ್ತು."

ಗಲ್ಫಿನಲ್ಲಿ ನಾವು ಮನೆ ಕಟ್ಟಿದ್ದು, ಮಕ್ಕಳ ಮುಂಜಿ ಮದುವೆ ಮಾಡಿದ್ದು, ತಂದೆತಾಯಿಯರ ಜೊತೆ ಕೂತು ಸಮಾಧಾನವಾಗಿ ಮಾತಾಡಿದ್ದು ಎಲ್ಲ ಈ ಮುಂದಿನ ಸಲ ಎಂಬ ಊರಿನಲ್ಲೇ.

ಹಗ್ಗ ಹರಿದದ್ದರಿಂದ ದೋಣಿಯನ್ನು ಯಾರಾದರೂ ಹಿಡಿದು ಕೂರಬೇಕಿತ್ತು. ಭಾವ ಹಿಂದೆ ಏರಿ ದೋಣಿಯೊಳಗೇ ಕೂತರು. ಅಕ್ಕನಿಗೆ ನಾನು ಮುಂದಿನ ಬಾಗಿಲು ತೆಗೆದೆ. ಅವಳು ಬಾಗಿಲು ಮುಚ್ಚಿ, ಕೆಸರು ಕಾಲಿನಲ್ಲೇ ಹಿಂದೆ ಹತ್ತಿ, ದೋಣಿಯಲ್ಲಿ ಕೂತಳು. ಈ ಸಲ ತಿರುಗಿ, ಅವರಿಗೆ ಮುಖ ಕೊಟ್ಟು.

ಹೊರಟ ಕೂಡಲೇ ತಲೆಯ ಮೇಲಿನ ತಗಡಿಗೆ ಧಡಧಡ ಎರಡು ಬಡಿತ. ಹುಟ್ಟಿನ ತುದಿಯಿಂದ ಭಾವ ಬಡಿದದ್ದು. ಬೇಗ ಬಿಡು ಎಂದು. ಬಿಟ್ಟೆ. ಕಾಸ್‌ವೇ ಹತ್ತಿದೆವು. ಎರಡೂ ಬದಿಯಲ್ಲಿ ನೀರು ಏರಿ ರಸ್ತೆಯ ಕಲ್ಲುಗಳಿಗೆ ಮುಟ್ಟುತ್ತಿತ್ತು. ಸಂಜೆಯ ಬಿಸಿಲು ಅದರ ಮೇಲೆ ಎಣ್ಣೆ ಚೆಲ್ಲಿದ ಹಾಗೆ ಹರಡಿತ್ತು. ದ್ವೀಪದ ಖರ್ಜೂರದ ಮರಗಳು ಪಕ್ಕದಲ್ಲೇ ಬಂದವು. ಆಗ ತಗಡಿನ ಮೇಲೆ ಇನ್ನೊಂದು ಬಡಿತ, ಮೆಲ್ಲಗೆ, ಬಳೆಯ ಸದ್ದಿನದು. ನಿಧಾನ ಎಂದು.

ಕನ್ನಡಿಯಲ್ಲಿ ನೋಡಿದೆ. ಭಾವ ಹುಟ್ಟು ಹಾಕುತ್ತಿದ್ದರು. ಗಾಳಿಯಲ್ಲಿ, ಆಚೆಗೊಮ್ಮೆ ಈಚೆಗೊಮ್ಮೆ, ಮುಖದಲ್ಲಿ ನಗುವಿನ ಸುಳಿವಿಲ್ಲದೆ, ಬಹಳ ಶ್ರದ್ಧೆಯಿಂದ. ಅಕ್ಕ ಕೆಸರು ಮೆತ್ತಿದ ಕೈಯಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಎದುರಿಗೆ ಬಂದ ಲಾರಿಯವನು ಹಾರ್ನ್ ಹೊಡೆದು ಕೈ ಬೀಸಿದ. ನಾನು ಗಡಿಯಾರ ನೋಡಿದೆ. ಅಕ್ಕನ ಮಾತಿಗಿಂತ ಭಾವನ ಮಾತು ದೊಡ್ಡದು ಎಂಬ ಕ್ರಮದಲ್ಲಿ ಬೆಳೆದವನು ನಾನು. ಅವರು ಮೊದಲು ಬಡಿದಿದ್ದರು. ವೇಗ ಇಳಿಸಲಿಲ್ಲ. ಕಾಸ್‌ವೇ ಮುಗಿದೇ ಹೋಯಿತು.

ಕ್ಯಾಂಪಿನ ಗೇಟಿನಲ್ಲಿ ಪಾಳಿಯವರು ತಮ್ಮ ತಮ್ಮ ಊಟದ ಡಬ್ಬಿ ಹಿಡಿದು ನಿಂತಿದ್ದರು. ಹೆಚ್ಚಿನವರು ನಮ್ಮ ಕಡೆಯವರೇ.

"ಎಂತ ಮಾರಾಯ್ರೇ, ದಿಬ್ಬಣ ಎಲ್ಲಿಂದ?" ಎಂದ ಒಬ್ಬ.

"ಕಡವಿನ ದೋಣಿಗೆ ಚಕ್ರ ಯಾವಾಗ ಬಂತು?" ಎಂದ ಇನ್ನೊಬ್ಬ.

ಭಾವ ಹುಟ್ಟು ಒಳಗಿಟ್ಟು ಇಳಿದರು. ಬಸ್ಸು ಇನ್ನೂ ಬಂದಿರಲಿಲ್ಲ. ಅದು ಬಂದದ್ದು ಬಹಳ ತಡವಾಗಿ. ಅಷ್ಟು ಹೊತ್ತೂ ಭಾವ ಗೇಟಿನ ಹತ್ತಿರ, ಅಕ್ಕ ಪಿಕಪ್ಪಿನ ಮೇಲಿನ ದೋಣಿಯಲ್ಲಿ. ಅಷ್ಟು ಜನರ ಎದುರು ಒಬ್ಬರ ಹತ್ತಿರ ಇನ್ನೊಬ್ಬರು ಹೋಗಲಿಲ್ಲ.

ಮುಂದಿನ ಸಲ ಬರಲಿಲ್ಲ. ಮರುವರ್ಷ ಅಕ್ಕನ ಅತ್ತೆ ಹಾಸಿಗೆ ಹಿಡಿದರು, ಅಕ್ಕ ಹೊರಡುವಂತಿರಲಿಲ್ಲ. ಆಮೇಲೆ ಮಕ್ಕಳ ಶಾಲೆ. ಅಷ್ಟರಲ್ಲಿ ಕೊಲ್ಲಿಗೆ ಲಾರಿಗಳು ಬರತೊಡಗಿದವು. ಒಂದೊಂದಾಗಿ ಬಂದು ಮಣ್ಣು ಸುರಿದವು. ನಾವು ತೆಂಗಿನಕಾಯಿ ಒಡೆದ ದಡ ಮೊದಲು ಮೈದಾನವಾಯಿತು, ಆಮೇಲೆ ರಸ್ತೆ. ದೋಣಿ ತಾರಸಿಯಲ್ಲೇ ಉಳಿಯಿತು. ಭಾವ ಅದನ್ನು ಒರೆಸಲು ಬರುವುದು ನಿಲ್ಲಿಸಿದ ಮೇಲೆ ನಾತೂರ್ ನನ್ನನ್ನು ಕೇಳಿ, ಅದಕ್ಕೂ ಮಣ್ಣು ತುಂಬಿ ಪುದೀನ ಹಾಕಿದ. ಒಳ್ಳೆಯ ಪುದೀನ. ಕಟ್ಟಡದವರೆಲ್ಲ ಕಿತ್ತುಕೊಂಡು ಹೋಗುತ್ತಿದ್ದರು.

ಭಾವ ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಕೆಲಸ ಬಿಟ್ಟು ಊರಿಗೆ ಬಂದರು. ಬಂದ ವರ್ಷವೇ ಕುದ್ರುವಿಗೆ ಸೇತುವೆ ಆಯಿತು. ಒಂದು ಸಣ್ಣ ದೋಣಿ ತೆಗೆದುಕೊಳ್ಳುವ ಮಾತು ಕೆಲವು ವರ್ಷ ನಡೆಯಿತು. ಅಷ್ಟರಲ್ಲಿ ಅಕ್ಕನ ಮಂಡಿ ಕೈಕೊಟ್ಟಿತು. ಈಗ ಅವಳು ಅಂಗಳದ ಮೂರು ಮೆಟ್ಟಿಲು ಇಳಿಯುವುದೇ ದೇವರ ಹೆಸರು ಹೇಳಿಕೊಂಡು.

ಕಳೆದ ಸಲ ಹೋದಾಗ ಜಗಲಿಯಲ್ಲಿ ಕೂತು ಈ ಮಾತು ಬಂತು. ಭಾವ ಇನ್ನೂ ಸೋತಿಲ್ಲ. "ನನ್ನ ಲೆಕ್ಕ ಸರಿಯೇ ಇತ್ತು" ಎಂದರು. "ಆ ಸಮುದ್ರದ್ದೇ ತಪ್ಪು."

"ಒಟ್ಟಿನಲ್ಲಿ ಭಾವ ನಿನ್ನನ್ನು ದೋಣಿಯಲ್ಲಿ ಕರೆದುಕೊಂಡು ಹೋಗುವುದು ಆಗಲೇ ಇಲ್ಲ ಅಕ್ಕ" ಎಂದೆ.

ಅಕ್ಕ ಬಸಳೆ ಸೋಸುತ್ತಿದ್ದಳು, ತಲೆ ಎತ್ತಲಿಲ್ಲ. "ಯಾಕೆ ಆಗ್ಲಿಲ್ಲ? ಹೋಗಿದ್ದೆವಲ್ಲ. ಎರಡೂ ಬದಿ ನೀರಿತ್ತು. ಇವರು ಹುಟ್ಟು ಹಾಕಿದ್ರು. ನೀನೊಬ್ಬ ಸ್ವಲ್ಪ ನಿಧಾನ ಬಿಡಬಹುದಿತ್ತು."

"ಬಸ್ಸು ಇತ್ತಲ್ಲ ಮಾರಾಯ್ತಿ" ಎಂದರು ಭಾವ.

ಬಸ್ಸು ತಡವಾಗಿ ಬಂದ ವಿಷಯವನ್ನು ಮೂವರಲ್ಲಿ ಯಾರೂ ಎತ್ತಲಿಲ್ಲ.